ಮೇ ತಿಂಗಳ ಪಟ

ಇದು ಶುರುವಾದದ್ದು ಮೇ ತಿಂಗಳ ಮೊದಲ ಶನಿವಾರ, ಬೆಳಗಿನ ಏಳರ ಹೊತ್ತಿಗೆ. ಕುರಿಗಳೆಲ್ಲ ಮರಿ ಹಾಕಿ ಮುಗಿಸುವ ಕಾಲ. ಹಿಂದಿನ ದಿನ ಬಿಸಿಲು ಹೆಂಚಿನಂತೆ ಕಾದಿತ್ತು. ಚಳಿ ಸೀಮೆಯ ನಮ್ಮ ಸ್ಕಾರ್‌ಬೆಕ್ ಊರಿನಲ್ಲಿ ಮೇ ತಿಂಗಳಲ್ಲಿ ಹಾಗೆ ಕಾಯುವುದು ಅಪರೂಪ. ನಾನು ಒಲೆಯ ಮೇಲೆ ಗಂಜಿ ಕಲಕುತ್ತಿದ್ದೆ. ನನ್ನ ತಮ್ಮ ಆಂಬ್ರೋಸ್ ಬೂಟಿಗೆ ಮೇಣ ತಿಕ್ಕುತ್ತಾ ಬಾಗಿಲಲ್ಲಿ ಕೂತಿದ್ದ. ಊರಿನ ನಡಿಗೆ ಸಂಘದವರು ಪ್ರತಿ ವಸಂತದಲ್ಲಿ ಶನಿವಾರ ಹೊರಟು, ಗುಡ್ಡ ದಾಟಿ, ಆಚೆ ಕಣಿವೆಯ ಛತ್ರದಲ್ಲಿ ರಾತ್ರಿ ಉಳಿದು, ಭಾನುವಾರ ಸಂಜೆ ಮರಳುತ್ತಾರೆ. ಮುಂದೆ ನಡೆದು ದಾರಿ ತೋರಿಸುವವನು ಆಂಬ್ರೋಸ್. ಅವನ ಕೂದಲು ಕಪ್ಪಿದ್ದಾಗಿನಿಂದಲೂ ಅವನೇ. ಆ ಗುಡ್ಡದ ಕಲ್ಲುಗೋಡೆಗಳಲ್ಲಿ ಅರ್ಧ ಅವನ ಕೈಯವೇ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸುವ ಕಸುಬು ಅವನದು.

ಆಂಬ್ರೋಸನ ಅಳಿಯ ನೆವಿಲ್ ಕಾರಿನಿಂದ ಒಂದು ಚೀಲ ತಂದು ಮೇಜಿನ ಮೇಲಿಟ್ಟ. ಸಿಗಡಿ ಹಚ್ಚಿದ ಬ್ರೆಡ್ಡಿನ ಪೊಟ್ಟಣಗಳು, ಒಂದೊಂದರ ಮೇಲೂ ಅವಧಿ ಮುಗಿಯುತ್ತ ಬಂದದ್ದಕ್ಕೆ ಅಂಟಿಸುವ ಅರ್ಧ ಬೆಲೆಯ ಹಳದಿ ಚೀಟಿ. ಅವನ ಹೆಂಡತಿ, ಆಂಬ್ರೋಸನ ಮಗಳು ಲಿನೆಟ್ ಒಂದನ್ನು ಬಿಡಿಸಿ ಮೂಗಿನ ಹತ್ತಿರ ಹಿಡಿದಳು.

"ಇವನ್ನ ತಂದದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ."

"ಅಲ್ಲಿಂದ ಕಾರಿನಲ್ಲೇ ಇದ್ವಾ?"

"ಡಿಕ್ಕೀಲಿ. ನೆರಳಲ್ಲೇ ಇದ್ವು ಕಣೆ."

"ವಾಸನೆ ಬರ್ತಿದೆ ನೆವಿಲ್."

"ಸಿಗಡಿ ಇನ್ನೇನು ಗುಲಾಬಿ ಥರ ಘಮ್ಮನ್ನುತ್ತಾ?"

ಬಿಸಾಡಿ ಎಂದು ನಾನು ಹೇಳಿದೆ. ಆಂಬ್ರೋಸ್ ಒಪ್ಪಲಿಲ್ಲ. ನಾವಿಬ್ಬರೂ ಯುದ್ಧವಾದ ಮೇಲಿನ ಪಡಿತರದ ಕಾಲದಲ್ಲಿ ಬೆಳೆದವರು. ಬ್ರೆಡ್ಡಿನ ಅಂಚು ಬಿಟ್ಟರೆ ಅಮ್ಮ ಅದನ್ನೇ ಮರುದಿನ ತಟ್ಟೆಗೆ ಹಾಕುತ್ತಿದ್ದಳು. ಅನ್ನ ಬಿಸಾಡಿದ ಕೈ ಭಿಕ್ಷೆಗೆ ಚಾಚುತ್ತದೆ ಎನ್ನುವ ಮಾತನ್ನು ಅವನು ಇವತ್ತಿಗೂ ನಂಬುತ್ತಾನೆ. ತನ್ನ ಪಾಲಿನ ಎರಡು ಪೊಟ್ಟಣ ಎತ್ತಿ ಚೀಲಕ್ಕೆ ಹಾಕಿಕೊಂಡ. ಲಿನೆಟ್ ತನಗೆ ಸೇಬು ಸಾಕು ಎಂದಳು. ಅವಳ ಮಗಳು ಟ್ಯಾಂಸಿನ್ ತಾನು ಕೆಲಸ ಮಾಡುವ ಬೇಕರಿಯಿಂದ ತಂದ ಬನ್ನು ತೆಗೆದುಕೊಂಡಳು. ನೆವಿಲ್ ತನಗಾಗಿ ಬೇರೆಯೇ ಒಂದು ಹಂದಿಮಾಂಸದ ಕಡುಬು ಕೊಂಡಿಟ್ಟುಕೊಂಡಿದ್ದ. ನಾಲ್ವರೂ ಹೊರಟರು. ನನ್ನ ಮೊಣಕಾಲು ಗುಡ್ಡ ಬಿಟ್ಟು ಎಷ್ಟೋ ಕಾಲವಾಗಿದೆ, ನಾನು ಮನೆಯಲ್ಲುಳಿದೆ.

ಭಾನುವಾರ ಸಂಜೆ ಬಂದವರಲ್ಲಿ ಮೂವರು ಅಡುಗೆಮನೆಗೆ ಬಂದರು. ಆಂಬ್ರೋಸ್ ಚಹಾ ಕೂಡ ಕೇಳದೆ ಮೆಟ್ಟಿಲು ಹತ್ತಿಬಿಟ್ಟ. ನೆವಿಲ್ ಮುಖ ತೊಳೆಯಲು ಹೋದಾಗ ಟ್ಯಾಂಸಿನ್ ತಾತನ ಬೆನ್ನುಚೀಲದ ತಳದಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ನನ್ನ ಕೈಗಿಟ್ಟು, ಅಮ್ಮನಿಗೆ ಕೊಡಬೇಡ ಅಜ್ಜಿ ಎಂದಳು. ಬಾಯಿ ಬಿಗಿದು ಕಟ್ಟಿದ್ದ ಚೀಲ. ಒಳಗೆ ತಮ್ಮನ ಪ್ಯಾಂಟು. ಹಿತ್ತಲ ಕೊಟ್ಟಿಗೆಗೆ ಒಯ್ದು ತಣ್ಣೀರಲ್ಲಿ ನೆನೆಸಿ, ಸೋಡಾ ಹಾಕಿ, ಎರಡು ಸಲ ಕುದಿಸಿದೆ. ಹೆಚ್ಚು ಹೇಳಲಾರೆ. ಅವನ ಬಟ್ಟೆಗಳನ್ನು ಅವನು ಕೂಸಾಗಿದ್ದಾಗ ನಾನೇ ಅಮ್ಮನೊಂದಿಗೆ ತೊಳೆದವಳು. ನನಗೆ ಅದರಿಂದ ಹೇಸಿಗೆಯಾಗಲಿಲ್ಲ. ಹೇಸಿಗೆ ಬೇರೆ ಕಡೆಯಿಂದ ಬಂತು.

ನಡೆದದ್ದನ್ನು ಟ್ಯಾಂಸಿನ್ ಬಟ್ಟೆ ಹಿಂಡುತ್ತಾ ಹೇಳಿದಳು. ಶನಿವಾರ ಊಟವಾದ ಮೇಲೆ, ನೀಲಿ ಗಂಟೆಹೂವಿನ ಇಳಿಜಾರಿನಲ್ಲಿ, ಆಂಬ್ರೋಸ್ ತಟ್ಟನೆ ನಿಂತ. ಗೋಡೆಯಲ್ಲಿ ಒಂದು ಬಿರುಕಿದೆ, ನೋಡಿ ಬರುತ್ತೇನೆ, ನೀವೆಲ್ಲ ಮುಂದೆ ಹೋಗಿ ಎಂದ. ಬಿರುಕೇನೂ ಇರಲಿಲ್ಲ. ಗೋಡೆಯ ಆಚೆ ಬದಿಗೆ ಓಡಿದ. ಸಂಘದವರು ಮುಂದೆ ಹೋದರು. ಅವನು ಬಹಳ ಹೊತ್ತಿನ ಮೇಲೆ ಮಳೆಗೆಂದು ಇಟ್ಟುಕೊಂಡಿದ್ದ ಪ್ಯಾಂಟು ಹಾಕಿಕೊಂಡು ಬಂದು, ಯಾರಿಗೂ ಏನೂ ಹೇಳದೆ ಮತ್ತೆ ಮುಂದೆ ನಡೆದ. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದಾನೆ ತಾತ ಎಂದಳು.

ಸೋಮವಾರ ರಜೆ; ಮೇ ತಿಂಗಳ ಮೊದಲ ಸೋಮವಾರಕ್ಕೂ ಕೊನೆಯ ಸೋಮವಾರಕ್ಕೂ ನಮ್ಮಲ್ಲಿ ರಜೆ. ಮಧ್ಯಾಹ್ನ ನೆವಿಲ್ ಅಡುಗೆಮನೆಯ ಮೇಜಿನ ಮೇಲೆ ಕ್ಯಾಮೆರಾ, ಮೊಬೈಲು ಹರಡಿಕೊಂಡು ಕೂತ. ಸಂಘದವರದು ಮೊಬೈಲಿನಲ್ಲಿ ಒಂದು ಗುಂಪಿದೆ. ನಡಿಗೆಯ ಪಟಗಳನ್ನೆಲ್ಲ ಅದಕ್ಕೆ ಹಾಕುವುದು ವಾಡಿಕೆ. ಅವನು ಒಂದೊಂದನ್ನೇ ಹಾಕುತ್ತಾ, ಆಲೂಗಡ್ಡೆ ಹೆರೆಯುತ್ತಿದ್ದ ಲಿನೆಟ್ಟಿಗೆ ತೋರಿಸುತ್ತಾ ಹೋದ. ತಾಯಿಯ ಕಾಲ ಸಂದಿಯಿಂದ ಇಣುಕುವ ಕುರಿಮರಿ. ತೊರೆಯ ದಂಡೆಯ ಹಳದಿ ಹೂವು. ಬೇಲಿ ದಾಟಲು ಇಟ್ಟ ಏಣಿಯ ಮೇಲೆ ಸಿಕ್ಕಿಕೊಂಡು ನಗುತ್ತಿರುವ ಸಂಘದ ಕಾರ್ಯದರ್ಶಿ ಮಿಸೆಸ್ ಮೆಟ್‌ಕಾಫ್. ಪಟ ಚೆನ್ನಾಗಿಯೇ ತೆಗೆಯುತ್ತಾನೆ, ಸುಳ್ಳು ಹೇಳಬಾರದು. ಅವನು ದುಡಿಯುತ್ತಿದ್ದ ಜಮಖಾನೆ ಅಂಗಡಿ ಮುಚ್ಚಿ ಕೆಲಸ ಹೋದ ಮೇಲೆ ಗಂಡ ಹೆಂಡತಿ ಮಗಳು ಆಂಬ್ರೋಸನ ಮನೆಗೆ ಬಂದು ಸೇರಿದರು. ಆಗಿನಿಂದ ಅವನ ಕೈಗೆ ಆ ಕ್ಯಾಮೆರಾ ಅಂಟಿಕೊಂಡಿದೆ. ಊರಿನವರು ಅವನನ್ನು ಹೊಗಳಿದ್ದರೆ ಅದೊಂದಕ್ಕೇ.

"ಇದನ್ನ ನೋಡು ಈಗ," ಎಂದು ಅವನು ಕೊನೆಯದನ್ನು ಹೆಂಡತಿಯ ಮುಂದೆ ಹಿಡಿದ.

ನಾನೂ ಬಗ್ಗಿ ನೋಡಿದೆ. ಇಳಿಜಾರು ತುಂಬ ನೀಲಿ ಹೂವು, ಮೋಡದ ನೆರಳು ಅರ್ಧ ಬಿದ್ದಿದೆ. ಅದರ ನಡುವೆ ಏರಿಹೋಗುವ ಕಲ್ಲುಗೋಡೆ, ಅದರ ಬುಡದಲ್ಲಿ ಎರಡು ಮರಿಗಳು. ಬಲಗಡೆ ಕೆಳಮೂಲೆಯಲ್ಲಿ ಗೋಡೆಗೆ ಕೈಯೂರಿ ಕುಕ್ಕರಗಾಲಲ್ಲಿ ಕೂತ ಒಬ್ಬ ಮುದುಕ. ಬೆನ್ನು ನಮ್ಮ ಕಡೆಗೆ, ತಲೆಯ ಮೇಲೆ ಟೋಪಿ, ಕೆಳಗೆ ಏನೂ ಇಲ್ಲ. ನೆವಿಲ್ ಮೇಲಿನ ದಾರಿಯಿಂದ ತಿರುಗಿ ತೆಗೆದದ್ದು. ಕೆಳಗೆ ಬರೆದೂ ಇದ್ದ: ನಮ್ಮ ಮುಂದಾಳು ಗೋಡೆಯ ಅಡಿಪಾಯ ಪರೀಕ್ಷಿಸುತ್ತಿರುವುದು.

ಲಿನೆಟ್ ಮೊದಲು ನಕ್ಕಳು. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡು, ಪಾಪ ಅಪ್ಪ ಎಂದಳು. ಅಷ್ಟರಲ್ಲಿ ಮೊಬೈಲು ಟಿಂಗ್ ಟಿಂಗ್ ಎನ್ನುತ್ತಿತ್ತು. ಸಂಘದವರು ಒಬ್ಬರಾದ ಮೇಲೆ ಒಬ್ಬರು ನಗುವ ಮುಖಗಳನ್ನು ಕಳಿಸುತ್ತಿದ್ದರು.

ಆಂಬ್ರೋಸ್ ಚಹಾಕ್ಕೆ ಇಳಿದು ಬಂದಾಗ ನೆವಿಲ್ ತಾನೇ ಎದ್ದು ಹೋಗಿ ತೋರಿಸಿದ. ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ ಎಂದೇ ಅವನು ಕಾದದ್ದು. ಆಂಬ್ರೋಸ್ ಕನ್ನಡಕ ಹಾಕಿಕೊಂಡ, ನೋಡಿದ, ಕನ್ನಡಕ ತೆಗೆದ.

"ಹೂವು ಚೆನ್ನಾಗಿ ಬಂದಿವೆ," ಎಂದ.

ಆ ದಿನ ರಾತ್ರಿ ಊಟಕ್ಕೆ ಹುರುಳಿಕಾಯಿ, ತಣ್ಣನೆ ಮಾಂಸ, ಆಲೂಗಡ್ಡೆ. ಆಂಬ್ರೋಸ್ ಆಲೂಗಡ್ಡೆಯನ್ನು ಮಾತ್ರ ಮುಳ್ಳುಚಮಚದಲ್ಲಿ ಹಿಸುಕುತ್ತಾ ಕೂತಿದ್ದ. ಆಮೇಲೆ ತಲೆ ಎತ್ತದೆ ಹೇಳಿದ.

"ಆ ಒಂದು ಪಟ ತೆಗೆದುಬಿಡಪ್ಪ ನೆವಿಲ್."

"ಎಲ್ಲರೂ ನೋಡಾಯ್ತಲ್ಲ ಮಾವ. ಈಗ ತೆಗೆದ್ರೆ ಯಾಕೆ ತೆಗೆದೆ ಅಂತ ಇನ್ನೂ ಹತ್ತು ಜನ ಕೇಳ್ತಾರೆ."

"ಕೇಳಲಿ."

"ತಮಾಷೆ ಕಣ್ರೀ. ಎಲ್ಲರಿಗೂ ನಿಮ್ಮ ಮೇಲೆ ಪ್ರೀತಿ ಇದೆ, ಅದಕ್ಕೇ ನಗ್ತಾರೆ."

ಟ್ಯಾಂಸಿನ್ ನಡುವೆ ಬಂದಳು. "ಆ ಮೂಲೆ ಕತ್ತರಿಸಿ ಹಾಕಪ್ಪ. ಎರಡು ನಿಮಿಷದ ಕೆಲಸ."

"ಆ ಮೂಲೆ ಕತ್ತರಿಸಿದ್ರೆ ಉಳಿಯೋದು ಬರೀ ಹೂವು. ಹೂವಿನ ಪಟ ಗಾಡಿಗಟ್ಟಲೆ ಇವೆ," ಎಂದ ನೆವಿಲ್. "ಈ ಪಟಕ್ಕೆ ಜೀವ ಇರೋದೇ ಅಲ್ಲಿ."

"ಅಲ್ಲಿ ಇರೋದು ತಾತನ ಕುಂಡೆ."

ಲಿನೆಟ್ ಮಗಳನ್ನು ಗದರಿದಳು. ಊಟದ ಮೇಜಿನ ಮೇಲೆ ಅಂಥ ಮಾತು ಬೇಡ ಎಂದಳು. ಪಟ ಮಾತ್ರ ಊಟದ ಮೇಜಿನ ಮೇಲೆಯೇ, ಸಾಸಿವೆಯ ಬಾಟಲಿಗೆ ಒರಗಿ ನಿಂತಿತ್ತು.

ಮರುದಿನ ಆಂಬ್ರೋಸ್ ಎಂದಿನಂತೆ ಪತ್ರಿಕೆ ತರಲು ಅಂಚೆಯಂಗಡಿಗೆ ಹೋದ. ನಾನೂ ದಾರ ಕೊಳ್ಳಬೇಕಿತ್ತು, ಜೊತೆಗೆ ಹೋದೆ. ಗಲ್ಲಾದ ಹಿಂದಿನವನು, ಏನು ಆಂಬ್ರೋಸ್, ಗೋಡೆ ಗಟ್ಟಿಯಾಗಿದೆಯಾ ಎಂದ. ಸಾಲಿನಲ್ಲಿದ್ದ ಹೆಂಗಸೊಬ್ಬಳು, ಗೊಬ್ಬರ ಬಿದ್ದಿದೆಯಲ್ಲ, ಬರುವ ವರ್ಷ ಹೂವು ಇಮ್ಮಡಿ ಎಂದಳು. ಆಂಬ್ರೋಸ್ ನಕ್ಕ. ನಮ್ಮಲ್ಲಿ ಹಾಗೆ, ಆಡಿಕೊಂಡವರೊಂದಿಗೆ ತಾನೂ ನಗದಿದ್ದರೆ ಮನುಷ್ಯನಿಗೆ ಸಿಡುಕು ಎನ್ನುತ್ತಾರೆ, ಆ ಹೆಸರು ಬಂದರೆ ಸಾಯುವ ತನಕ ಹೋಗುವುದಿಲ್ಲ. ಅವನು ಇನ್ನೂ ಒಂದು ಮಾತು ಸೇರಿಸಿ ನಗಿಸಿದ ಕೂಡ. ಹೊರಗೆ ಬಂದ ಮೇಲೆ ಕಟ್ಟೆಯ ಮೇಲೆ ಕೂತು ಬೂಟಿನ ದಾರ ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಮಾರನೆಯ ದಿನದಿಂದ ಪತ್ರಿಕೆ ನಾನೇ ತರತೊಡಗಿದೆ. ಭಾನುವಾರ ಚಾಪೆಲ್ಲಿನ ಪ್ರಾರ್ಥನೆಗೂ ಅವನು ಬರಲಿಲ್ಲ. ಕೆಮ್ಮು ಎಂದ. ಕೆಮ್ಮಿರಲಿಲ್ಲ.

ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯುವ ಹಾಗಾಯಿತು. ನೆವಿಲ್ ಕೆಟ್ಟವನಲ್ಲ, ಕೆಲಸಗಳ್ಳನೂ ಅಲ್ಲ. ಬೆಳಿಗ್ಗೆ ಎದ್ದು ಚಹಾ ಮಾಡಿ ಮಾವನ ಕೋಣೆಯ ಬಾಗಿಲಲ್ಲಿ ಇಡುತ್ತಿದ್ದ. ಮುಂಚೆ ಆಂಬ್ರೋಸ್ ಅದನ್ನು ಕುಡಿದು ಬಟ್ಟಲು ತೊಳೆದು ತರುತ್ತಿದ್ದ. ಈಗ ಅದು ಅಲ್ಲೇ ಕೆನೆಗಟ್ಟಿ ಕೂರುತ್ತಿತ್ತು. ನಾನು ಎತ್ತಿ ಹಿತ್ತಲ ಚರಂಡಿಗೆ ಚೆಲ್ಲುತ್ತಿದ್ದೆ. ಟ್ಯಾಂಸಿನ್ ಬೇಕರಿಯಲ್ಲಿ ಉಳಿದ ಬನ್ನುಗಳನ್ನು ತಂದರೆ ನಾಲ್ಕು ತಟ್ಟೆಗೆ ಹಾಕುತ್ತಿದ್ದಳು, ಅಪ್ಪನ ತಟ್ಟೆ ಬಿಟ್ಟು. ನೆವಿಲ್ ಎದ್ದು ತಾನೇ ಹಾಕಿಕೊಳ್ಳುತ್ತಿದ್ದ, ಎರಡು. ಆ ಎರಡನ್ನು ಅವನು ಬೆಣ್ಣೆ ಸವರಿ, ಬೆರಳು ನೆಕ್ಕುತ್ತಾ, ಗುಂಪಿಗೆ ಬಂದ ಹೊಗಳಿಕೆಯನ್ನು ಓದುತ್ತಾ ತಿನ್ನುವಾಗ ನಾನು ಕುರ್ಚಿಯನ್ನು ಒಲೆಯ ಕಡೆಗೆ ತಿರುಗಿಸಿ ಕೂರುತ್ತಿದ್ದೆ.

ಹಾಸಿಗೆಯ ಬಟ್ಟೆ ಮಡಿಸುವಾಗ ಲಿನೆಟ್ ಗಂಡನನ್ನು ಹಿಡಿದಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ನಾನು ಇಸ್ತ್ರಿ ಹಾಕುತ್ತಿದ್ದೆ. ಪಟದ ಸಂಜೆ ಹತ್ತಿರ ಬರುತ್ತಿದೆ, ಅಲ್ಲಿ ಅದನ್ನು ತೋರಿಸಬೇಡ ಎಂದಳು. ನಮ್ಮಲ್ಲಿ ನಡಿಗೆಯಾದ ಎರಡು ವಾರಕ್ಕೆ ಚಾಪೆಲ್ಲಿನ ಕೊಠಡಿಯಲ್ಲಿ ಬಿಳಿ ಬಟ್ಟೆ ಕಟ್ಟಿ ಎಲ್ಲರ ಪಟಗಳನ್ನೂ ತೋರಿಸುತ್ತಾರೆ. ಯಾವುದಕ್ಕೆ ಚಪ್ಪಾಳೆ ಜೋರೋ ಅದು ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಮೇ ತಿಂಗಳ ಹಾಳೆಗೆ. ಆ ಕ್ಯಾಲೆಂಡರು ಊರಿನ ಪ್ರತಿ ಅಡುಗೆಮನೆಯಲ್ಲೂ ತೂಗುತ್ತದೆ, ಚಾಪೆಲ್ಲಿನ ಮಾಡಿನ ರಿಪೇರಿಗೆಂದು ಮಾರುತ್ತಾರೆ.

"ಇಷ್ಟು ವರ್ಷ ಅಂಗಡೀಲಿ ಜಮಖಾನೆ ಅಳೆದೆ," ಎಂದ ನೆವಿಲ್. "ಒಂದು ದಿನ ಯಾರೂ ಶಭಾಷ್ ಅನ್ನಲಿಲ್ಲ. ಈಗ ಅಂತಿದಾರೆ. ಅದನ್ನೂ ಕಿತ್ಕೋತೀಯಾ?"

"ನಮ್ಮಪ್ಪ ಮನೆಯಿಂದ ಹೊರಗೆ ಹೋಗ್ತಿಲ್ಲ ನೆವಿಲ್."

"ಮೂರು ದಿನ ಬಿಟ್ರೆ ಹೋಗ್ತಾರೆ."

"ನನ್ನನ್ನ ಮಧ್ಯೆ ನಿಲ್ಲಿಸಬೇಡ."

ಅವನು ಬಟ್ಟೆಯ ತುದಿ ಕೊಡವಿದ. "ಆಯ್ತು, ಸಂಜೆಗೆ ಅದನ್ನ ನಾನು ಕೊಡಲ್ಲ. ಸಾಕಾ?"

ಲಿನೆಟ್ ಅದನ್ನು ಅಪ್ಪನಿಗೆ ಹೇಳಿದಳು. ಆ ಮಾತಿನ ಮೇಲೆ ಆಂಬ್ರೋಸ್ ಶುಕ್ರವಾರ, ಪಟದ ಸಂಜೆಗೆಂದು, ಗಡ್ಡ ಹೆರೆದುಕೊಂಡ, ಚಾಪೆಲ್ಲಿನ ಕೋಟು ಹಾಕಿಕೊಂಡ. ತಾನು ಹೋಗದೆ ಉಳಿದರೆ ಊರು ಇನ್ನೂ ಆಡಿಕೊಳ್ಳುತ್ತದೆ, ಹೋಗಿ ಕೂತು ಚಹಾ ಕುಡಿದು ಬಂದರೆ ಮುಗಿಯಿತು, ಬರುವ ವಸಂತದಲ್ಲಿ ಮತ್ತೆ ಮುಂದೆ ನಡೆಯಬಹುದು ಎಂದು ನನಗೆ ಹೇಳಿದ. ನಾನೂ ಒಪ್ಪಿದೆ.

ಕೊಠಡಿಯಲ್ಲಿ ಒಬ್ಬೊಬ್ಬರೂ ಒಂದೊಂದು ತಿಂಡಿ ತಂದು ಉದ್ದ ಮೇಜಿನ ಮೇಲಿಟ್ಟಿದ್ದರು. ಮೊಟ್ಟೆಯ ಕಡುಬು, ಉಪ್ಪಿನಲ್ಲಿಟ್ಟ ಈರುಳ್ಳಿ, ಕ್ಯಾರೆಟ್ ಕೇಕು. ಮೂಲೆಯಲ್ಲಿ ಚಹಾದ ಬಾಯ್ಲರು ಸದ್ದು ಮಾಡುತ್ತಿತ್ತು. ದೀಪ ಆರಿಸಿದರು. ಮಿಸೆಸ್ ಮೆಟ್‌ಕಾಫ್ ಕಂಪ್ಯೂಟರಿನ ಹಿಂದೆ ಕೂತಳು. ಅವಳ ಗಂಡ ಬಿಳಿ ಬಟ್ಟೆಗೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ನಿಂತ. ಚಪ್ಪಾಳೆ ಅಳೆಯುವವನು ಪಟ ನೋಡಬಾರದು ಎಂಬುದು ಇಲ್ಲಿನ ನಿಯಮ. ಹೂವು, ಕುರಿ, ಕೆಸರಲ್ಲಿ ಸಿಕ್ಕ ಬೂಟು, ಮತ್ತೆ ಹೂವು. ಎಲ್ಲಕ್ಕೂ ಒಂದಿಷ್ಟು ಚಪ್ಪಾಳೆ. ಕೊನೆಗೆ ಅದು ಬಂತು, ಗೋಡೆಯಷ್ಟಗಲ. ಮೂಲೆಯಲ್ಲಿ ಸಣ್ಣದಾಗಿದ್ದವನು ಈಗ ನಿಜವಾದ ಆಂಬ್ರೋಸನಷ್ಟೇ ಆಗಿದ್ದ.

ಆಮೇಲೆ ತಿಳಿದದ್ದು, ಮಿಸೆಸ್ ಮೆಟ್‌ಕಾಫ್ ಆ ಸೋಮವಾರವೇ ಗುಂಪಿನ ಪಟಗಳನ್ನೆಲ್ಲ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಳು. ನೆವಿಲ್ ಕೊಡಬೇಕಾಗಿಯೇ ಇರಲಿಲ್ಲ. ಅದು ಅವನಿಗೆ ಗೊತ್ತಿತ್ತು.

ಮೊದಲು ನಗು, ಆಮೇಲೆ ಚಪ್ಪಾಳೆ. ಬೆಂಚುಗಳು ಅದುರಿದವು. ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು, ಬಾಯಲ್ಲಿ ಕೇಕು ಇದ್ದವರೂ ತಟ್ಟಿದರು, ಚೂರು ಉದುರಿದವು. ನಲವತ್ತು ವರ್ಷ ಆಂಬ್ರೋಸನ ಗೋಡೆಗಳ ಒಳಗೆ ಕುರಿ ಕಟ್ಟಿದವರು ಇವರು. ಲಿನೆಟ್ ತಂದೆಯ ಪಕ್ಕದಲ್ಲೇ ಕೂತಿದ್ದಳು. ಅವಳ ಕೈಯೂ ತಟ್ಟುತ್ತಿತ್ತು. ನಗುತ್ತಿರಲಿಲ್ಲ, ಎಲ್ಲರೂ ತಟ್ಟುವಾಗ ತಟ್ಟದಿದ್ದರೆ ಮರ್ಯಾದೆಯಲ್ಲ ಎಂದು ಚಿಕ್ಕಂದಿನಿಂದ ಕಲಿತ ಕೈ, ತಾನಾಗಿ ತಟ್ಟುತ್ತಿತ್ತು. ಆಂಬ್ರೋಸ್ ಪಟ ನೋಡಲಿಲ್ಲ. ಮಗಳ ಕೈಗಳನ್ನು ನೋಡುತ್ತಿದ್ದ.

ನೆವಿಲ್ ಎದ್ದು ನಿಂತು ಅರ್ಧ ಬಗ್ಗಿದ.

ಟ್ಯಾಂಸಿನ್ ಹಿಂದಿನ ಸಾಲಿನಿಂದ ಎದ್ದು, ಗೋಡೆಯ ಪಕ್ಕ ನಡೆದು ಹೋಗಿ ಪಟ ಬಿಡುವ ಯಂತ್ರದ ಪ್ಲಗ್ಗು ಕಿತ್ತಳು. ಪಟ ಹೋಯಿತು. ಅದೇ ತಂತಿಯಲ್ಲಿದ್ದ ಬಾಯ್ಲರೂ ಆರಿತು. ಕತ್ತಲಲ್ಲಿ ಒಬ್ಬರು, ಅಯ್ಯೋ ಚಹಾ ಎಂದರು. ಆ ಸಂಜೆ ಆ ಕೊಠಡಿಯಲ್ಲಿ ನೊಂದುಕೊಂಡು ಆಡಿದ ಮಾತು ಅದೊಂದೇ. ದೀಪ ಹಾಕಿದ ಮೇಲೆ ಮಿಸೆಸ್ ಮೆಟ್‌ಕಾಫ್ ಏನೂ ಆಗದವಳಂತೆ ಆಂಬ್ರೋಸನ ಮುಂದೆ ತಟ್ಟೆ ಹಿಡಿದು ಇನ್ನೊಂದು ತುಂಡು ಕೇಕು ತೆಗೆದುಕೊಳ್ಳಿ ಎಂದಳು. ಅವನು ಧನ್ಯವಾದ ಹೇಳಿ ತೆಗೆದುಕೊಂಡ. ಅದನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗಿಟ್ಟುಕೊಂಡ.

ಮನೆಗೆ ಬಂದು ಕೋಟು ಬಿಚ್ಚುವ ಮುಂಚೆಯೇ ಅಪ್ಪ ಮಗಳಿಗೆ ಜಗಳ ಹತ್ತಿತು.

"ಊರಿನ ಮುಂದೆ ನನ್ನ ಮಾನ ತೆಗೆದೆ," ಎಂದ ನೆವಿಲ್.

"ನಿನ್ನ ಪಟ ಎಷ್ಟು ಹೊತ್ತು ಕತ್ತಲಾಯ್ತು, ಒಂದು ನಿಮಿಷ. ತಾತಂಗೆ ಎಷ್ಟು ದಿನ ಆಯ್ತು?"

"ಅದು ತಮಾಷೆ, ಇದು ಅವಮಾನ. ವ್ಯತ್ಯಾಸ ಗೊತ್ತಿಲ್ವಾ?"

"ಗೊತ್ತು. ಯಾರ ಚಡ್ಡಿ ಕೆಳಗಿದೆ ಅನ್ನೋದೇ ವ್ಯತ್ಯಾಸ. ಹಾಳು ಸಿಗಡಿ ತಿನ್ನಿಸಿದ್ದೂ ನೀನೇ, ಮೇಲೆ ನಿಂತು ಕ್ಲಿಕ್ ಅಂದದ್ದೂ ನೀನೇ. ನೀನು ಮಾತ್ರ ಕಡುಬು ತಿಂದೆ."

ನೆವಿಲ್ ಹೆಂಡತಿಯ ಕಡೆ ತಿರುಗಿದ. ಇವಳು ನನ್ನಲ್ಲೂ ಮೆಟ್‌ಕಾಫ್ ದಂಪತಿಯಲ್ಲೂ ತಪ್ಪಾಯ್ತು ಅನ್ನಬೇಕು ಎಂದ. ಲಿನೆಟ್ ಕೆಟಲಿಗೆ ನೀರು ತುಂಬಿದಳು. ಚಹಾ ಯಾರೂ ಕೇಳಿರಲಿಲ್ಲ.

ಮಂಗಳವಾರ ಮಿಸೆಸ್ ಮೆಟ್‌ಕಾಫ್ ಬಹುಮಾನದ ಹಣ್ಣಿನ ಜಾಮ್ ಸೀಸೆ ಹಿಡಿದು ಬಂದಳು. ಮುಂದಿನ ವಾರ ಕ್ಯಾಲೆಂಡರು ಅಚ್ಚಿಗೆ ಹೋಗುತ್ತದೆ, ಮೇ ಹಾಳೆಗೆ ನೆವಿಲನ ಪಟ, ಅವನು ಹೂಂ ಎಂದರೆ ಆಯಿತು ಎಂದಳು. ನಾನು ಮಧ್ಯೆ ಬಾಯಿ ಹಾಕಿದೆ. ಅದರಲ್ಲಿರುವವನು ಹೂಂ ಎನ್ನಬೇಡವೇ ಎಂದೆ.

"ಅಯ್ಯೋ ಡಾರ್ಕಸ್, ಎಷ್ಟು ಸಣ್ಣಗೆ ಕಾಣುತ್ತೆ ಗೊತ್ತಾ," ಎಂದಳು ಅವಳು. "ಯಾರು ಅಂತಾನೇ ತಿಳಿಯಲ್ಲ."

"ಊರಿಗೆಲ್ಲ ತಿಳಿದಿದೆ."

"ತಿಳಿದವರಿಗೆ ತಿಳಿದೇ ಇದೆ, ತಿಳಿಯದವರಿಗೆ ತಿಳಿಯಲ್ಲ. ಮತ್ತೇನು ತೊಂದರೆ?"

ಮೆಟ್ಟಿಲ ಮೇಲೆ ಆಂಬ್ರೋಸನ ಹೆಜ್ಜೆ ಕೇಳಿತು. ಅರ್ಧ ಇಳಿದು ನಿಂತು, ಮತ್ತೆ ಮೇಲೆ ಹೋಯಿತು.

ಅವಳು ಹೋದ ಮೇಲೆ ನೆವಿಲ್ ತನ್ನ ಷರತ್ತು ಹೇಳಿದ. ಟ್ಯಾಂಸಿನ್ ತಪ್ಪಾಯ್ತು ಅನ್ನಲಿ, ಮೇಜಿನ ಮುಂದೆ, ಎಲ್ಲರೆದುರು. ಅಂದರೆ ಪಟ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಗುಂಪಿನಿಂದಲೂ ಅಳಿಸುತ್ತೇನೆ. ಅನ್ನದಿದ್ದರೆ ಅಚ್ಚಾಗಲಿ. ಲಿನೆಟ್ ಆ ಷರತ್ತನ್ನು ಬೇಕರಿಯಿಂದ ದಣಿದು ಬಂದ ಮಗಳ ಬಳಿ ಒಯ್ದಳು. ಒಂದು ಮಾತು ತಾನೆ, ಬಾಯಿಂದ ಮುತ್ತು ಉದುರುತ್ತದಾ ಎಂದಳು. ಟ್ಯಾಂಸಿನ್ ಬೂಟು ಬಿಚ್ಚಿ ಮೂಲೆಗೆ ಎಸೆದು, ನೀನು ಚಪ್ಪಾಳೆ ತಟ್ಟಿದ್ದಕ್ಕೆ ಯಾರ ಹತ್ತಿರ ತಪ್ಪಾಯ್ತು ಅಂದೆ ಎಂದು ಕೇಳಿದಳು. ಲಿನೆಟ್ ಅಳುತ್ತಾ ಬಟ್ಟೆ ಒಣಹಾಕಲು ಹೋದಳು. ಮೂರು ದಿನ ತಾಯಿ ಮಗಳ ನಡುವೆ ಮಾತಿರಲಿಲ್ಲ. ಊಟಕ್ಕೆ ಕರೆಯುವುದೂ ನನ್ನ ಪಾಲಾಯಿತು.

ಶನಿವಾರ ಸಂಜೆ ಟ್ಯಾಂಸಿನ್ ನನ್ನ ಜೊತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಆಂಬ್ರೋಸ್ ಬಂದು ಅವಳ ಪಕ್ಕ ಕೂತ. ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡ. ಅವನ ಹೆಬ್ಬೆರಳು ಕಲ್ಲಿಗೆ ಸಿಕ್ಕಿ ಸಿಕ್ಕಿ ಚಪ್ಪಟೆಯಾದದ್ದು. ಬಟಾಣಿ ಅದಕ್ಕೆ ಸಿಗದೆ ಜಾರುತ್ತಿತ್ತು.

"ಒಂದು ಮಾತು ಅಂದುಬಿಡಮ್ಮ," ಎಂದ.

"ತಪ್ಪು ಯಾರದು ತಾತ?"

"ತಪ್ಪು ಯಾರದು ಅನ್ನೋದು ಕ್ಯಾಲೆಂಡರಿನಲ್ಲಿ ಅಚ್ಚಾಗಲ್ಲ. ಪಟ ಅಚ್ಚಾಗುತ್ತೆ."

"ನೀನು ಅಪ್ಪಂಗೆ ಹೇಳಬಹುದಿತ್ತು. ಇದು ನಿನ್ನ ಮನೆ. ಪಟ ತೆಗಿ, ಇಲ್ಲ ಮನೆ ಬಿಡು ಅಂತ."

"ಅವನ ಜೊತೆ ನಿಮ್ಮಮ್ಮನೂ ಹೋಗ್ತಾಳೆ."

"ಅದಕ್ಕೆ ನಾನು ಬಾಗಬೇಕು."

ಅವನು ಜಾರಿದ ಒಂದು ಬಟಾಣಿ ಹೆಕ್ಕಿ ಬಟ್ಟಲಿಗೆ ಹಾಕಿದ. ಅವಳು ಬಟ್ಟಲನ್ನು ಪಕ್ಕಕ್ಕಿಟ್ಟಳು.

"ಆವತ್ತು ನಾನು ಎದ್ದು ಹೋದದ್ದು ನಿನಗೋಸ್ಕರ."

"ಗೊತ್ತು ಮಗಳೇ. ಇಡೀ ಕೊಠಡೀಲಿ ನೀನೊಬ್ಬಳೇ."

"ಅದನ್ನೇ ತಪ್ಪು ಅನ್ನಬೇಕಾ?"

"ಹೂಂ," ಎಂದ ಆಂಬ್ರೋಸ್. "ನನಗೋಸ್ಕರ."

ಅವಳು ಬಟ್ಟಲನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಆಮೇಲೆ ಮತ್ತೆ ಕಾಯಿ ಬಿಡಿಸತೊಡಗಿದಳು.

ಭಾನುವಾರದ ಊಟಕ್ಕೆ ಸುಟ್ಟ ಕುರಿಮಾಂಸ, ಪುದೀನದ ಗೊಜ್ಜು, ಹೊಸ ಆಲೂಗಡ್ಡೆ, ಆ ಬಟಾಣಿ. ನೆವಿಲ್ ಮಾಂಸ ಕೊಯ್ಯುವ ಚಾಕು ಹಿಡಿದು ನಿಂತಿದ್ದ, ಕೊಯ್ಯಲಿಲ್ಲ. ಎಲ್ಲರೂ ಕಾದೆವು. ತಟ್ಟೆಗಳಿಂದ ಹಬೆ ಏರುತ್ತಿತ್ತು.

"ಪ್ಲಗ್ಗು ಕಿತ್ತದ್ದು ನನ್ನ ತಪ್ಪು," ಎಂದಳು ಟ್ಯಾಂಸಿನ್. "ಬೆಳಿಗ್ಗೆ ಮೆಟ್‌ಕಾಫ್ ಮನೆಗೂ ಹೋಗಿ ಹೇಳಿ ಬಂದೆ."

"ಮನಸ್ಸಿಂದ ಹೇಳ್ತಿದೀಯಾ?" ಎಂದ ನೆವಿಲ್.

"ಬಾಯಿಂದ ಹೇಳ್ತಿದೀನಿ. ನೀನು ಕೇಳಿದ್ದು ಅಷ್ಟೇ."

ಲಿನೆಟ್ ಗಂಡನ ತೋಳು ಮುಟ್ಟಿದಳು. ಅವನು ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು ಮೊಬೈಲು ತೆಗೆದ. ಎಲ್ಲರೆದುರು ಪಟ ಅಳಿಸಿದ. ಮಿಸೆಸ್ ಮೆಟ್‌ಕಾಫ್‌ಗೆ ಫೋನು ಮಾಡಿ, ಮೇ ಹಾಳೆಗೆ ತೊರೆಯ ಹೂವಿನದನ್ನು ಹಾಕಿ ಎಂದ. ಕೊಟ್ಟ ಮಾತು ನಡೆಸಿಕೊಂಡ, ಅದನ್ನು ಅಲ್ಲ ಎನ್ನಲಾರೆ. ನಡೆಸಿಕೊಂಡವನ ಮುಖದಲ್ಲಿ ದಾನ ಕೊಟ್ಟವನ ಕಳೆ ಇತ್ತು. ಕೂತು, ಮೊದಲ ತುಂಡನ್ನು, ಕೊಬ್ಬಿನ ಅಂಚು ಮಿನುಗುತ್ತಿದ್ದುದನ್ನು, ಮಾವನ ತಟ್ಟೆಗೆ ಹಾಕಿದ.

"ಧಾರಾಳವಾಗಿ ತಿನ್ನಿ ಮಾವ," ಎಂದ. "ಈ ಸಲ ಹೊಟ್ಟೆ ಕೆಟ್ಟರೆ ಕ್ಯಾಮೆರಾ ತರಲ್ಲ. ಒರೆಸೋ ಕಾಗದ ತರ್ತೀನಿ."

ಲಿನೆಟ್ ನಕ್ಕಳು. ಮೂರು ವಾರದ ಬಿಗಿ ಸಡಿಲಿದ ನಗು, ಕಣ್ಣಲ್ಲಿ ನೀರು ಬಂತು. ನೆವಿಲ್ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಆಂಬ್ರೋಸ್ ನಕ್ಕ. ಅಂಚೆಯಂಗಡಿಯ ನಗುವಲ್ಲ ಅದು. ಬಿಡುಗಡೆಯಾದವನ ನಗು, ಹೆಗಲು ಕುಣಿಯುವಂಥದು. ಗೊಜ್ಜು ಗಲ್ಲದ ಮೇಲೆ ಇಳಿಯಿತು. ಎರಡು ಕಾಗದ ತಾರಪ್ಪ ಎಂದು ತಾನೂ ಸೇರಿಸಿದ. ಮೂವರೂ ಮತ್ತೆ ನಕ್ಕರು. ಎಂಬತ್ತು ವರ್ಷ ನಾನು ಅವನನ್ನು ಬಲ್ಲೆ, ಮಣ್ಣು ತಿಂದ ಬಾಯನ್ನೂ ಒರೆಸಿದ್ದೇನೆ. ಆವತ್ತು ಆ ಬಾಯಿ ನೋಡಲಾರದೆ ತಟ್ಟೆ ನೋಡಿದೆ. ಎದ್ದು ಹೋಗಿ ಬಾಯಲ್ಲಿದ್ದ ತುತ್ತು ಉಗುಳಿ ಬಂದೆ.

ಬಂದಾಗ ಟ್ಯಾಂಸಿನ್ ಮುಳ್ಳುಚಮಚ ಕೆಳಗಿಟ್ಟಿದ್ದಳು. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ, ಅಮ್ಮನನ್ನೂ ಅಲ್ಲ. ತಾತನನ್ನು ನೋಡುತ್ತಿದ್ದಳು. ಆಂಬ್ರೋಸ್ ಅದನ್ನು ಕಂಡ. ನಗು ನಿಲ್ಲಿಸಲು ಹೋದ, ತಡವಾಗಿತ್ತು. ಅವಳು ಎದ್ದು ತನ್ನ ತಟ್ಟೆಯನ್ನು ಮಾತ್ರ ತೊಳೆದು, ಒರೆಸಿ, ಅದರ ಜಾಗದಲ್ಲಿ ಇಟ್ಟಳು.

ರಾತ್ರಿಯ ಊಟಕ್ಕೆ ಇಳಿದು ಬರಲಿಲ್ಲ. ವಿಟ್‌ಬಿಯ ಬಂದರಿನ ಹತ್ತಿರ ಅವಳ ಗೆಳತಿಯ ಮನೆಯವರದು ಚಹಾ ಅಂಗಡಿಯಿದೆ, ಬೇಸಿಗೆಗೆ ಕೈ ಬೇಕಂತೆ ಎಂದು ಬೆಳಿಗ್ಗೆ ನನಗೆ ಹೇಳಿದಳು. ಬೇಸಿಗೆ ಮುಗಿದ ಮೇಲೆ ಎಂದು ಕೇಳಿದೆ. ನೋಡೋಣ ಅಜ್ಜಿ ಎಂದಳು. ಲಿನೆಟ್, ಎಲ್ಲ ಸರಿಹೋಯಿತಲ್ಲ, ಈಗ ಯಾಕೆ ಎಂದು ಮೂರು ಸಲ ಕೇಳಿದಳು. ನೆವಿಲ್ ಕಾರಿನಲ್ಲಿ ಬಿಡುತ್ತೇನೆ ಎಂದ. ಅವಳು ಬೇಡ ಎಂದಳು.

ಆಂಬ್ರೋಸ್ ಕೋಟು ಹಾಕಿಕೊಂಡು ಬಾಗಿಲಿಗೆ ಬಂದ. ಎಷ್ಟೋ ದಿನದ ಮೇಲೆ ಊರೊಳಗೆ ನಡೆದು ಹೋಗಲು ಸಿದ್ಧನಾದದ್ದು. ಅವಳ ಚೀಲಕ್ಕೆ ಕೈ ಹಾಕಿದ.

"ನಿಲ್ದಾಣದ ತನಕ ಬರ್ತೀನಿ."

"ಬೇಡ ತಾತ," ಎಂದಳು. "ಈಗ ನೀನು ಎಲ್ಲಿಗೆ ಬೇಕಾದ್ರೂ ಹೋಗಬಹುದು. ನನ್ನ ಜೊತೆ ಬೇಡ."

ಅವನ ಕೈಯನ್ನು ಚೀಲದಿಂದ ಮೆಲ್ಲಗೆ ಬಿಡಿಸಿದಳು. ನನಗೆ ಮುತ್ತು ಕೊಟ್ಟಳು. ರಜೆಯ ದಿನವಾದ್ದರಿಂದ ಬಸ್ಸು ಒಂದೇ, ಹತ್ತೂವರೆಯದು; ಅದಕ್ಕೆ ಹತ್ತಿದವಳೂ ಅವಳೊಬ್ಬಳೇ. ಮನೆ ಬಿಟ್ಟು ಹೋದವಳು ಟ್ಯಾಂಸಿನ್, ಮೇ ತಿಂಗಳ ಕೊನೆಯ ಸೋಮವಾರ.